ತಡವಾಗಿ ಕೂಗಿದ ಡಬ್ಬಿ

ಶಿಡ್ಲಘಟ್ಟ, ಹೊರಡುವ ಮುಂಚೆ

ನಾರ್ವೆಯಲ್ಲಿ ಯಾರೋ ಒಬ್ಬ ಡ್ರೈವರ್ ಕೆಟ್ಟುಹೋಗಿದ್ದಾನೆ, ಅವನನ್ನು ಸರಿಮಾಡೋಕೆ ನಮ್ಮ ನಸೀಮಾ ವಿಮಾನದಲ್ಲಿ ಹೋಗ್ತಿದ್ದಾಳೆ ಎಂದು ಅಮ್ಮಿ ಇಡೀ ಬೀದಿಗೆ ಹೇಳಿಬಿಟ್ಟಿದ್ದಳು. ನಾನು ಸೂಟ್‌ಕೇಸ್ ತುಂಬುತ್ತಿದ್ದಾಗ ಎದುರುಮನೆಯ ಖಾಲಾ ಬಂದು ಬಾಗಿಲಲ್ಲೇ ನಿಂತು, "ಕುಡೀತಾನೇನಮ್ಮ ಅವನು?" ಎಂದು ಕಳಕಳಿಯಿಂದ ಕೇಳಿದರು.

"ಇಲ್ಲ ಖಾಲಾ, ಅವನು ಮನುಷ್ಯನೇ ಅಲ್ಲ" ಎಂದೆ. ಅದು ಇನ್ನೂ ಕೆಟ್ಟದಾಗಿ ಕೇಳಿಸಿತು.

ಚಿಕ್ಕಬಳ್ಳಾಪುರದ ಆಚೆ, ಹೆದ್ದಾರಿ ಪಕ್ಕದ ಒಂದು ಸಣ್ಣ ಕಂಪನಿಯಲ್ಲಿ ನನ್ನ ಕೆಲಸ. ದಿನಾ ಬೆಳಿಗ್ಗೆ ಶಿಡ್ಲಘಟ್ಟದಿಂದ ಬಸ್ಸು, ಸಂಜೆ ವಾಪಸ್ಸು. ಯಂತ್ರದೊಳಗಿನ ಚಿಪ್ ಒಂದು ಭಾಷೆ ಆಡುತ್ತದೆ, ಅದರ ಮೇಲೆ ಓಡುವ ಪ್ರೋಗ್ರಾಮು ಇನ್ನೊಂದು. ನಡುವೆ ನಿಂತು ಮಾತು ಮುಟ್ಟಿಸುವ ಚಿಕ್ಕ ಪ್ರೋಗ್ರಾಮಿಗೆ ಡ್ರೈವರ್ ಅನ್ನುತ್ತಾರೆ. ಮನೆಯಲ್ಲಿ ಉರ್ದು, ಬಸ್ಸಿನಲ್ಲಿ ಕನ್ನಡ, ಆಫೀಸಿನಲ್ಲಿ ಪಕ್ಕದ ಕುರ್ಚಿಯ ಶ್ರೀರಾಮನ ಜೊತೆ ಅರ್ಧ ತೆಲುಗು ಆಡುವ ನನಗೆ ಈ ನಡುವೆ ನಿಲ್ಲುವ ಕೆಲಸ ಒಗ್ಗಿಹೋಗಿದೆ.

ನಮ್ಮ ಕಂಪನಿ ಮಾಡುವುದು ಎಚ್ಚರಿಕೆಯ ಡಬ್ಬಿ. ಪಂಪ್‌ಹೌಸು, ಕೋಲ್ಡ್ ಸ್ಟೋರೇಜು, ಇಂಥ ಕಡೆ ಒಬ್ಬೊಬ್ಬರೇ ಕೆಲಸ ಮಾಡುವವರು ಕೊರಳಲ್ಲಿ ಒಂದು ಗುಂಡಿ ಹಾಕಿಕೊಂಡಿರುತ್ತಾರೆ. ಏನಾದರೂ ಆದರೆ ಗುಂಡಿ ಒತ್ತಬೇಕು. ಸುದ್ದಿ ತಂತಿಯ ಮೂಲಕ ಆಫೀಸಿನ ಡಬ್ಬಿಗೆ ಬರುತ್ತದೆ, ಡಬ್ಬಿ ಕೂಗುತ್ತದೆ, ಯಾರಾದರೂ ಓಡಿ ಬರುತ್ತಾರೆ. ಅಷ್ಟೇ.

ಆದರೆ ನಾರ್ವೆಯ ಒಂದು ಪುಟ್ಟ ದ್ವೀಪದಲ್ಲಿ, ಮೀನುಮರಿ ಸಾಕುವ ಕಡೆ, ಒಬ್ಬ ಹೆಂಗಸು ಕೋಲ್ಡ್ ಸ್ಟೋರೇಜಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಳು. ಗುಂಡಿ ಒತ್ತಿದ್ದಳು. ಡಬ್ಬಿ ಕೂಗಿದ್ದು ಹತ್ತಿರ ಹತ್ತಿರ ಒಂದು ಗಂಟೆ ಕಳೆದ ಮೇಲೆ. ಆ ಚಳಿಯಲ್ಲಿ ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಅವಳು ಉಳಿಯುತ್ತಿರಲಿಲ್ಲವಂತೆ.

ನಾನೂ ಶ್ರೀರಾಮನೂ ವಾರಗಟ್ಟಲೆ ಅದೇ ಡಬ್ಬಿಯನ್ನು ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆವು. ಒತ್ತಿದ ಮರುಕ್ಷಣ ಕೂಗುತ್ತಿತ್ತು. ಒಂದು ಸಲವೂ ತಡವಿಲ್ಲ. "ಡಬ್ಬೀದೇನೂ ತಪ್ಪಿಲ್ಲ ಅಕ್ಕಾ, ಅಲ್ಲಿ ಯಾರೋ ನಿದ್ದೆ ಹೊಡೆದವ್ರೆ" ಎಂದ ಶ್ರೀರಾಮ. ಅವನು ಚಿಂತಾಮಣಿಯವನು. ಅವನ ಕನ್ನಡ ಸಿಟ್ಟಿಲ್ಲದಾಗಲೂ ಜಗಳದ ಹಾಗೆ ಕೇಳಿಸುತ್ತದೆ.

ಅಲ್ಲಿಯವರು ಒಪ್ಪಲಿಲ್ಲ. ಯಾರಾದರೂ ಬಂದು ನೋಡಿ, ಇಲ್ಲದಿದ್ದರೆ ಡಬ್ಬಿ ಕಿತ್ತುಹಾಕುತ್ತೇವೆ ಎಂದರು. ಅಮ್ಮಿಯ ಜೊತೆ ಮೆಕ್ಕಾಗೆ ಉಮ್ರಾ ಯಾತ್ರೆ ಹೋಗಬೇಕೆಂದು ಮಾಡಿಸಿ, ಹೋಗದೆಯೇ ಇಟ್ಟಿದ್ದ ಪಾಸ್‌ಪೋರ್ಟು ನನ್ನ ಹತ್ತಿರ ಇತ್ತು. ಶ್ರೀರಾಮನ ಹತ್ತಿರ ಇರಲಿಲ್ಲ. ಹಾಗೆ ನಾನು ಹೊರಟೆ. ರಂಜಾನ್ ತಿಂಗಳು ಆಗಷ್ಟೇ ಶುರುವಾಗಿತ್ತು.

ಓಸ್ಲೋ, ಮತ್ತೆ ದೋಣಿ

ನನ್ನ ಸೂಟ್‌ಕೇಸ್ ಬರಲಿಲ್ಲ. ಸಾಮಾನು ಬರುವ ಪಟ್ಟಿ ಸುತ್ತಿ ಸುತ್ತಿ ನಿಂತೇಬಿಟ್ಟಿತು. ದಪ್ಪ ಕೋಟು, ಅಮ್ಮಿ ಕಟ್ಟಿಕೊಟ್ಟ ಖರ್ಜೂರ, ಎಲ್ಲಕ್ಕಿಂತ ಮುಖ್ಯವಾಗಿ ಡಬ್ಬಿಯ ಹೊಟ್ಟೆಗೆ ನೇರವಾಗಿ ಸಿಕ್ಕಿಸಿ ಒಳಗೆ ಏನಾಗುತ್ತಿದೆ ಎಂದು ನೋಡುವ ಸೀರಿಯಲ್ ಕೇಬಲ್ಲು, ಎಲ್ಲ ಅದರಲ್ಲೇ ಇದ್ದವು.

ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, "ಬರುತ್ತೆ" ಎಂದಳು. ಯಾವಾಗ ಎಂದರೆ, "ಬಂದಾಗ" ಎಂದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಚೀಲ ಕಳೆದಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿರುತ್ತಿದ್ದರು. ಒಬ್ಬ ಕಂಡಕ್ಟರನ್ನು ಬೈಯುತ್ತಿದ್ದ, ಒಬ್ಬಳು ನೀರು ಕೊಡುತ್ತಿದ್ದಳು, ಚೀಲ ನೋಡಿಯೇ ಇಲ್ಲದ ಒಬ್ಬ ಗೌರಿಬಿದನೂರು ಬಸ್ಸಿನಲ್ಲಿ ಹೋಯಿತು ಎಂದು ಸಾಕ್ಷಿ ಹೇಳುತ್ತಿದ್ದ. ಇಲ್ಲಿ ನನ್ನ ಪಕ್ಕದಲ್ಲೇ ಹಾದುಹೋದವರೂ ತಿರುಗಿ ನೋಡಲಿಲ್ಲ. ತೆಳ್ಳನೆಯ ಸ್ವೆಟರಿನಲ್ಲಿ ನಾನು ಇನ್ನೊಂದು ಚಿಕ್ಕ ವಿಮಾನ ಹತ್ತಿ ಉತ್ತರಕ್ಕೆ ಹೋದೆ. ಅಲ್ಲಿಂದ ದೋಣಿ.

ದೋಣಿ ಎಂದರೆ ದೊಡ್ಡದೇ. ಒಳಗೆ ಸಾಲುಸಾಲು ಕುರ್ಚಿ. ಹೆಚ್ಚೆಂದರೆ ಆರೇಳು ಜನ, ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ. ಒಬ್ಬ ಹೆಂಗಸು ಹೆಣಿಗೆ ಹಾಕುತ್ತಾ ಕೂತಿದ್ದಳು. ನಾನು ನಮ್ಮೂರಿನ ಅಭ್ಯಾಸದಂತೆ ಹೋಗಿ ಅವಳ ಪಕ್ಕದಲ್ಲಿ ಕೂತೆ. ಹೆಣ್ಣುಮಗಳ ಪಕ್ಕ ಹೆಣ್ಣುಮಗಳು, ಇದರಲ್ಲೇನಿದೆ? ಅವಳು ನನ್ನನ್ನು ನೋಡಿ ಸಣ್ಣಗೆ ನಕ್ಕಳು. ಒಂದು ಸಾಲು ಹೆಣೆದಳು. ಆಮೇಲೆ ಉಣ್ಣೆಯ ಉಂಡೆ, ಸೂಜಿ, ಚೀಲ ಎಲ್ಲ ಎತ್ತಿಕೊಂಡು, "ಕ್ಷಮಿಸಿ" ಎಂದು ಹೇಳಿ, ಖಾಲಿ ಇದ್ದ ಇನ್ನೊಂದು ತುದಿಗೆ ಹೋಗಿ ಕೂತಳು.

ಅದು ಅವರಲ್ಲಿ ಮರ್ಯಾದೆ ಎಂದು ಆಮೇಲೆ ತಿಳಿಯಿತು. ಜಾಗ ಇರುವಾಗ ಇನ್ನೊಬ್ಬರಿಗೆ ಜಾಗ ಬಿಡಬೇಕು. ಆದರೆ ಆ ಹೊತ್ತಿಗೆ, ಗಾಜಿನ ಆಚೆ ಕಪ್ಪು ನೀರು ನೋಡುತ್ತಾ, ನನ್ನ ಬಟ್ಟೆಯಿಂದ ವಾಸನೆ ಬರುತ್ತಿದೆಯೇ ಎಂದು ಮೂಸಿ ನೋಡಿಕೊಂಡೆ.

ಲಿವ್ ಮನೆ

ದಡದಲ್ಲಿ ಆರ್ನೆ ಕಾಯುತ್ತಿದ್ದ. ಮೀನುಮರಿ ಕೇಂದ್ರದ ಆಫೀಸು ನೋಡಿಕೊಳ್ಳುವವನು. ಐವತ್ತು ದಾಟಿದ, ದೊಡ್ಡ ಮೈಯ, ಕೆಂಪು ಕೈಯ ಮನುಷ್ಯ.  ಕಾರು ಓಡಿಸುತ್ತಾ, ರಸ್ತೆಯನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ ಹೇಳಿದ:

"ಅವತ್ತು ಆಫೀಸಲ್ಲಿ ನಾನೇ ಇದ್ದೆ. ಡಬ್ಬಿ ಕೂಗಲಿಲ್ಲ."

ನಾನು ಹೂಂ ಎಂದೆ. ಅವನು ಒಂದು ದಿಬ್ಬದ ಕೆಳಗೆ ಕಾರು ನಿಲ್ಲಿಸಿ ಮೇಲಿನ ಹಳದಿ ಮನೆ ತೋರಿಸಿದ. "ಅಲ್ಲಿ ನಿನಗೆ ಕೋಣೆ. ನಾನು ಮೇಲಕ್ಕೆ ಬರೋದಿಲ್ಲ."

ಹಿಮದಲ್ಲಿ ಜಾರುತ್ತಾ ಹತ್ತಿದೆ. ಬಾಗಿಲು ತೆಗೆದವಳ ಒಂದು ಕಾಲು ಪೂರ್ತಿ ಪ್ಲಾಸ್ಟರಿನಲ್ಲಿತ್ತು, ಎರಡು ಕಂಕುಳಲ್ಲೂ ಊರುಗೋಲು.  ನಾನು ಉಳಿದುಕೊಳ್ಳಬೇಕಾದ ಮನೆ ಯಾರದು ಎಂದು ನನಗೆ ಯಾರೂ ಹೇಳಿರಲಿಲ್ಲ.

"ನೀನೇನಾ ಡಬ್ಬಿಯವಳು?" ಎಂದಳು. "ನಾನು ಲಿವ್. ಚಳಿಗಾಲದಲ್ಲಿ ಇಲ್ಲಿ ಹೋಟೆಲ್ ಮುಚ್ಚಿರುತ್ತೆ. ನಾನೇ ಕರೀರಿ ಅಂದೆ. ಅದನ್ನ ಮಾಡಿದವರ ಮುಖ ನೋಡಬೇಕಿತ್ತು."

ನೋಡಿದಳು. ಸಾಕಷ್ಟು ಹೊತ್ತು ನೋಡಿದಳು. ಆಮೇಲೆ ನನ್ನ ಸ್ವೆಟರ್ ಕಡೆ ಕಣ್ಣು ಹೋಯಿತು. ಗೂಟದಿಂದ ತನ್ನದೇ ಒಂದು ಕೋಟು ತೆಗೆದು ನನ್ನ ಕೈಗೆ ಹಾಕಿದಳು. ಅದು ನನ್ನ ಮೊಣಕಾಲಿನ ಕೆಳಗೆ ಬರುತ್ತಿತ್ತು, ಮೀನಿನ ವಾಸನೆಯಿತ್ತು, ಬೆಚ್ಚಗಿತ್ತು.

ಮಹಡಿಯ ಮೇಲೆ ನನ್ನ ಕೋಣೆ. ಮೂವತ್ನಾಲ್ಕು ವರ್ಷದಲ್ಲಿ ನಾನು ಒಂದು ಕೋಣೆಯಲ್ಲಿ ಒಬ್ಬಳೇ ಮಲಗಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಅಮ್ಮಿ, ಅಣ್ಣ, ಅತ್ತಿಗೆ, ಅವರ ಮೂರು ಮಕ್ಕಳು, ಗೋಡೆಯ ಆಚೆ ಚಿಕ್ಕಪ್ಪನ ರೇಷ್ಮೆ ಬಿಚ್ಚುವ ಘಟಕ. ಗೂಡು ಬೇಯುವ ವಾಸನೆ, ರಾಟೆಗಳ ಗರಗರ. ಶುಕ್ರವಾರ ರಾಟೆ ನಿಂತರೆ ನಮಗೆ ತಲೆನೋವು ಬರುತ್ತಿತ್ತು. ಇಲ್ಲಿ ಕಿವಿಗೊಟ್ಟರೆ ನನ್ನ ಉಸಿರು ಮಾತ್ರ. ಕಿಟಕಿಯಿಂದ ಕಾಣುವ ಮನೆಗಳಲ್ಲೆಲ್ಲ ಒಂದೊಂದು ದೀಪ ಕಿಟಕಿಯಲ್ಲೇ ಇಟ್ಟಿರುತ್ತಾರೆ, ಪರದೆ ಹಾಕುವುದಿಲ್ಲ. ಆದರೆ ಎಷ್ಟು ನೋಡಿದರೂ ಆ ದೀಪದ ಹಿಂದೆ ಒಬ್ಬ ಮನುಷ್ಯ ಹಾದುಹೋಗುವುದು ಕಾಣಲಿಲ್ಲ.

ಪ್ರಯಾಣದಲ್ಲಿರುವವರಿಗೆ ರೋಜಾ ಉಪವಾಸ ಕಡ್ಡಾಯವಲ್ಲ, ಬಿಡು ಎಂದು ಅಮ್ಮಿ ಹೇಳಿದ್ದಳು. ನಾನು ಬಿಡಲಿಲ್ಲ. ಭಕ್ತಿಯಿಂದ ಎಂದು ಹೇಳಿದರೆ ಪೂರ್ತಿ ನಿಜವಾಗದು. ಹಸಿವೆಯಾದರೂ ಇಲ್ಲದಿದ್ದರೆ ಆ ದಿನಗಳಿಗೆ ಹಿಡಿಯಲು ಏನೂ ಇರಲಿಲ್ಲ.

ಎರಡನೇ ದಿನ ಲಿವ್ ಕೇಳಿದಳು, "ನನ್ನ ಅಡುಗೆ ಕೆಟ್ಟದಾಗಿದೆಯಾ? ಬೆಳಿಗ್ಗೆಯಿಂದ ಏನೂ ಮುಟ್ಟಲ್ಲ ನೀನು."

"ಉಪವಾಸ. ಸೂರ್ಯ ಮುಳುಗೋವರೆಗೆ."

ಅವಳು ಕಿಟಕಿಯ ಕಡೆ ತಿರುಗಿದಳು. "ಇಲ್ಲಿ ಅವನು ಬೇಗ ಮುಳುಗ್ತಾನೆ. ನಾವೂ ಆಗಲೇ ಊಟ ಮಾಡೋದು."

ಅದು ನಿಜ. ನಮ್ಮಲ್ಲಿ ಸಂಜೆ ಕಾಫಿಗೆ ನೀರಿಡುವ ಹೊತ್ತಿಗೆ ಅವರು ದಿನದ ದೊಡ್ಡ ಊಟ ಮುಗಿಸುತ್ತಾರೆ. ಹಾಗಾಗಿ ನಮ್ಮಿಬ್ಬರ ಊಟ ದಿನಾ ಒಂದೇ ಹೊತ್ತಿಗೆ ಬಿತ್ತು. ಬೇಯಿಸಿದ ಮೀನು, ಬೇಯಿಸಿದ ಆಲೂಗಡ್ಡೆ. ಅಮ್ಮಿ ಫೋನಿನಲ್ಲಿ, "ಕ್ಯಾ ಖಾಯಿ?" ಎಂದು ಕೇಳಿದಳು. ಮೀನು ಎಂದೆ. ಮಸಾಲೆ ಎಂಥದು ಎಂದಳು. ಉಪ್ಪು ಎಂದೆ. 

ಅಮ್ಮಿಯ ಫೋನು ಬರುತ್ತಿದ್ದುದು ಅವರು ರೋಜಾ ಬಿಡುವ ಇಫ್ತಾರಿನ ಹೊತ್ತಿಗೆ. ಆಗ ನನಗಿನ್ನೂ ನಡುಮಧ್ಯಾಹ್ನ. ಫೋನು ಅಣ್ಣನ ಕೈಯಿಂದ ಮಕ್ಕಳ ಕೈಗೆ, ಅಲ್ಲಿಂದ ಅತ್ತಿಗೆಗೆ ಹೋಗಿ, ಕೊನೆಗೆ ಯಾರೋ ಅದನ್ನು ಮೇಜಿನ ಮೇಲಿಟ್ಟು ಮರೆತುಬಿಡುತ್ತಿದ್ದರು. ನಾನು ಕತ್ತರಿಸುತ್ತಿರಲಿಲ್ಲ. ಚಮಚದ ಸದ್ದು, ಸಮೋಸಕ್ಕೆ ಮಕ್ಕಳ ಜಗಳ, ಅಮ್ಮಿಯ ಗದರಿಕೆ ಕೇಳುತ್ತಾ ಆರ್ನೆಯ ಆಫೀಸಿನ ಮೂಲೆಯಲ್ಲಿ ಕೂತಿರುತ್ತಿದ್ದೆ.

ಒಂದು ಸಂಜೆ ಊಟ ಮಾಡುತ್ತಾ ಲಿವ್ ತಾನಾಗಿಯೇ ಹೇಳಿದಳು.

"ಬಿದ್ದ ತಕ್ಷಣ ಗುಂಡಿ ಒತ್ತಿದೆ. ಹಸಿರು ದೀಪ ಬಂತು. ಹಸಿರು ಅಂದ್ರೆ ಸುದ್ದಿ ಹೋಗಿದೆ, ಮತ್ತೆ ಒತ್ತಬೇಕಿಲ್ಲ ಅಂತ. ಆರ್ನೆ ಈಗ ಬರ್ತಾನೆ ಅಂದ್ಕೊಂಡೆ. ಆಫೀಸು ಅಲ್ಲೇ, ಅಂಗಳದ ಆಚೆ. ಆಮೇಲೆ ಬೂಟು ಹಾಕ್ಕೊಳ್ತಿರಬೇಕು ಅಂದ್ಕೊಂಡೆ. ಆಮೇಲೆ..." ಮುಳ್ಳುಚಮಚ ಕೆಳಗಿಟ್ಟಳು. "ಬೆಳಿಗ್ಗೆ ನಾವಿಬ್ಬರೂ ಜಗಳ ಆಡಿದ್ವಿ. ಮೇವಿನ ವಿಷಯಕ್ಕೆ, ಏನೂ ಅಲ್ಲದ್ದು. ಕೇಳಿಸ್ಕೊಂಡೂ ಅವನು ಬರಲಿಲ್ಲ."

"ಎಷ್ಟು ವರ್ಷದ ಪರಿಚಯ?"

"ಶಾಲೆಯಿಂದ. ಇಲ್ಲಿ ಶಾಲೆಯಲ್ಲಿ ನಮ್ಮ ವಯಸ್ಸಿನವರು ನಾವಿಬ್ಬರೇ ಇದ್ವಿ."

ಬಿದ್ದು ಮೂರು ತಿಂಗಳಾಗಿತ್ತು. ಆ ಮೂರು ತಿಂಗಳಲ್ಲಿ ಅವಳು ಅವನ ಜೊತೆ ಒಂದು ಮಾತೂ ಆಡಿರಲಿಲ್ಲ.

ಮೀನುಮರಿ ಕೇಂದ್ರ

ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಕಿರುಬೆರಳಿಗಿಂತ ಚಿಕ್ಕ ಮೀನುಗಳು. ಬಿಸಿ ಇಷ್ಟೇ ಇರಬೇಕು, ಬೆಳಕು ಇಷ್ಟೇ ಇರಬೇಕು, ಮೇವು ಹೊತ್ತುಹೊತ್ತಿಗೆ ಬೀಳಬೇಕು. ಜಂಗಮಕೋಟೆಯ ಕಡೆ ರೇಷ್ಮೆಹುಳು ಸಾಕುವ ಮನೆಗಳಿಗೆ ಚಿಕ್ಕಂದಿನಲ್ಲಿ ನಮ್ಮ ಅಬ್ಬಾನ ಜೊತೆ ಗೂಡು ನೋಡಲು ಹೋದಾಗಲೂ ಹೀಗೇ ಪಿಸುಮಾತಿನಲ್ಲಿ ಮಾತಾಡುತ್ತಿದ್ದೆವು. ಆದರೆ ಅಲ್ಲಿ ಹುಳುಗಳು ಸೊಪ್ಪು ತಿನ್ನುವ ಸದ್ದಾದರೂ ಇತ್ತು. ಮೀನು ಸದ್ದೇ ಮಾಡುವುದಿಲ್ಲ.

ಡಬ್ಬಿ ಆರ್ನೆಯ ಮೇಜಿನ ಪಕ್ಕ ಗೋಡೆಯ ಮೇಲಿತ್ತು. ಎಚ್ಚರಿಕೆಗೆಂದೇ ಒಂದು ಬೇರೆ ತಂತಿ. ಅದರ ಮೇಲೆ ಡಬ್ಬಿ, ಗುಂಡಿಗಳ ಸುದ್ದಿ ಹಿಡಿಯುವ ಒಂದು ಆಂಟೆನಾ, ಕೋಲ್ಡ್ ಸ್ಟೋರೇಜಿನ ಒಂದು ಥರ್ಮಾಮೀಟರ್. ಥರ್ಮಾಮೀಟರ್ ಗಂಟೆಗೊಮ್ಮೆ ಚಳಿ ಎಷ್ಟಿದೆ ಎಂದು ಹೇಳಿ ಸುಮ್ಮನಾಗುತ್ತದೆ. ನನ್ನ ಸೀರಿಯಲ್ ಕೇಬಲ್ಲು ಇನ್ನೂ ಎಲ್ಲೋ ಆಕಾಶದಲ್ಲಿತ್ತು. ಹಾಗಾಗಿ ಲ್ಯಾಪ್‌ಟಾಪನ್ನು ಅದೇ ತಂತಿಗೆ ಸಿಕ್ಕಿಸಿ, ಡಬ್ಬಿಯ ಒಳಗಿನ ಲೆಕ್ಕಗಳು ಕ್ಷಣಕ್ಷಣಕ್ಕೂ ಪರದೆಯ ಮೇಲೆ ಬರುವಂತೆ ಮಾಡಿಕೊಂಡು ಕೂತೆ.

ಆರ್ನೆ ಹೋಗಿ ಕೋಲ್ಡ್ ಸ್ಟೋರೇಜಿನಿಂದ ಗುಂಡಿ ಒತ್ತುತ್ತಿದ್ದ. ಡಬ್ಬಿ ಕೂಗುತ್ತಿತ್ತು. ಅವನು ವಾಪಸ್ಸು ಬಂದು ನನ್ನ ಮುಖ ನೋಡುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ, ಅವನು ಮತ್ತೆ ಹೋಗುತ್ತಿದ್ದ. ಬೆಳಿಗ್ಗೆ, ಮಧ್ಯಾಹ್ನ, ಮರುದಿನ, ಅದರ ಮರುದಿನ. ಒಂದೇ ಒಂದು ಸಲವೂ ತಡವಾಗಲಿಲ್ಲ.

ಚಿಕ್ಕಬಳ್ಳಾಪುರದಿಂದ ನಮ್ಮ ಸಾಹೇಬರ ಫೋನು ಬಂತು. "ನೋಡಮ್ಮ ನಸೀಮಾ, ಡಬ್ಬಿ ಸರಿಯಾಗಿದೆ, ಅಲ್ಲಿ ಕೂತಿದ್ದೋರು ಗಮನಿಸಿಲ್ಲ ಅಂತ ರಿಪೋರ್ಟ್ ಕೊಟ್ಟು ಬಂದ್ಬಿಡು. ಹಬ್ಬಕ್ಕೆ ಮನೇಲಿರ್ತೀಯ."

ಮನೆ ಅಂದಾಗ ನನಗೆ ಅಳುವೇ ಬಂತು. ಬರೆಯುವುದು ಎರಡು ಸಾಲು. ಬರೆದರೆ ತಪ್ಪು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದೂ ಗೊತ್ತಿತ್ತು. ಅಲ್ಲದೆ, ನಿಜ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಅನುಮಾನ ಬಂದಿತ್ತು. ಜಗಳವಾಡಿದ ಮನುಷ್ಯ, ಸೈರನ್ ಕೂಗಿದರೂ, ಅವಳು ಸ್ವಲ್ಪ ಕಾಯಲಿ ಬಿಡು ಎಂದು ಅದನ್ನು ನಿಲ್ಲಿಸಿ ಕೂತಿರಲಾರನೇ?

ಆರ್ನೆಗೆ ಕನ್ನಡ ಬಾರದು, ಆದರೆ ನನ್ನ ಮುಖ ಓದಲು ಬಂತು.

"ನೀನೂ ಹಾಗೇ ಅಂದ್ಕೊಂಡೆ" ಎಂದ. ಕೋಪವಿರಲಿಲ್ಲ. ಗುಂಡಿ ಎತ್ತಿಕೊಂಡು, "ಇನ್ನೊಂದಿಷ್ಟು ಸಲ ಒತ್ತಿ ಬರ್ತೀನಿ" ಎಂದು ಹೊರಗೆ ಹೋದ.

ಸೂರ್ಯ ಮುಳುಗಿದ. ನಾನು ಪರದೆಯ ಮೇಲೆ ಓಡುತ್ತಿದ್ದ ಲೆಕ್ಕವನ್ನು ನಿಲ್ಲಿಸಿದೆ. ಸಾಕಾಗಿತ್ತು. ಕೀಬೋರ್ಡಿನಿಂದ ಕೈ ತೆಗೆದು, ಕಿಟಕಿಯ ಹತ್ತಿರ ಹೋಗಿ ನೀರು ಕುಡಿದು ರೋಜಾ ಬಿಟ್ಟೆ. ನಿಂತಲ್ಲೇ ದುವಾ ಮಾಡಿದೆ. ಕೋಲ್ಡ್ ಸ್ಟೋರೇಜಿನ ಬಾಗಿಲು ಅಲ್ಲಿಂದ ಕಾಣುತ್ತದೆ. ಆರ್ನೆ ಒಳಗಿದ್ದ. ಡಬ್ಬಿ ಒಮ್ಮೆ ಕೂಗಿತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಕೂಗಿತು. ಆಮೇಲೆ ಸುಮ್ಮನಾಯಿತು. ಅವನಿಗೂ ಸಾಕಾಗಿರಬೇಕು ಅಂದುಕೊಂಡೆ.

ಅವನು ಅಂಗಳ ದಾಟಿ ಬಂದ. "ಏನಾಯ್ತು?" ಎಂದ.

"ಏನಿಲ್ಲ. ನೀವು ಎರಡು ಸಲ ಒತ್ತಿದ್ರಿ, ಎರಡೂ ಸರಿಯಾಗಿ ಬಂತು."

"ಮೂರು ಸಲ ಒತ್ತಿದೆ" ಎಂದ. "ಮೂರು ಸಲವೂ ಹಸಿರು."

ನಾನು ಮೇಜಿಗೆ ಹೋಗಿ, ನೋಡೋಣವೆಂದು ಒಂದು ಕೀ ಒತ್ತಿದೆ.

ಡಬ್ಬಿ ಕೂಗಿತು.

ಇಬ್ಬರೂ ಬೆಚ್ಚಿಬಿದ್ದೆವು. ಗುಂಡಿ ಆರ್ನೆಯ ಜೇಬಿನಲ್ಲಿತ್ತು, ಅವನ ಎರಡೂ ಕೈ ಹೊರಗಿದ್ದವು.

ಸದ್ದಿಲ್ಲದ ತಂತಿ

ಮರುದಿನದ ದೋಣಿಯಲ್ಲಿ ಸೂಟ್‌ಕೇಸ್ ಬಂತು. ಹೇಳಿದಂತೆಯೇ, ಬಂದಾಗ ಬಂತು. ಕೇಬಲ್ಲನ್ನು ಡಬ್ಬಿಯ ಹೊಟ್ಟೆಗೆ ಸಿಕ್ಕಿಸಿ, ಲ್ಯಾಪ್‌ಟಾಪನ್ನು ಆ ತಂತಿಯಿಂದ ಕಿತ್ತುಹಾಕಿದೆ. ಈಗ ತಂತಿಯ ಮೇಲೆ ಪೂರ್ತಿ ನಿಶ್ಶಬ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಂಡಿತು.

ಆದದ್ದು ಇಷ್ಟು. ತಂತಿಯ ಮೇಲೆ ಬರುವ ಒಂದೊಂದು ಸುದ್ದಿಗೂ ಪ್ಯಾಕೆಟ್ ಅನ್ನುತ್ತಾರೆ. ಚಿಪ್ ಅದನ್ನು ತೆಗೆದು ಒಂದು ಗೂಡಿನಲ್ಲಿಟ್ಟು ಗಂಟೆ ಹೊಡೆಯುತ್ತದೆ. ಡ್ರೈವರ್ ಎದ್ದು, ಗದ್ದಲ ಬೇಡವೆಂದು ಗಂಟೆಯನ್ನು ಬಂದ್ ಮಾಡಿ, ಗೂಡುಗಳನ್ನೆಲ್ಲ ಖಾಲಿ ಮಾಡುತ್ತದೆ. ಇನ್ನೇನೂ ಇಲ್ಲ ಎಂದು ನೋಡಿಕೊಂಡು, ಗಂಟೆಯನ್ನು ಮತ್ತೆ ಚಾಲೂ ಮಾಡಿ, ಮಲಗುತ್ತದೆ. ತೊಂದರೆ ಇದ್ದದ್ದು ಕೊನೆಯ ಸಲ ನೋಡುವುದಕ್ಕೂ ಗಂಟೆ ಚಾಲೂ ಮಾಡುವುದಕ್ಕೂ ನಡುವಿನ ಒಂದು ಚೂರು ಸಮಯದಲ್ಲಿ. ಆ ಚೂರಿನಲ್ಲಿ ಪ್ಯಾಕೆಟ್ ಬಂದರೆ ಅದು ಗೂಡಿನಲ್ಲಿ ಕೂರುತ್ತದೆ, ಆದರೆ ಗಂಟೆ ಹೊಡೆಯುವುದಿಲ್ಲ. ಮುಂದಿನ ಪ್ಯಾಕೆಟ್ ಬಂದು ಗಂಟೆ ಹೊಡೆದಾಗ ಡ್ರೈವರ್ ಎದ್ದು ಎರಡನ್ನೂ ಎತ್ತಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಬಂದಿರುವುದು ಯಾರಿಗೂ ಗೊತ್ತಿಲ್ಲ.

ಗುಂಡಿ ಒತ್ತಿದಾಗ ಆಂಟೆನಾ ಬೆನ್ನುಬೆನ್ನಿಗೆ ಎರಡು ಪ್ಯಾಕೆಟ್ ಕಳಿಸುತ್ತಿತ್ತು. ಮೊದಲನೆಯದು ಬರೀ ಎಚ್ಚರಿಸಲು, ಎರಡನೆಯದು ನಿಜವಾದ ಕೂಗು. ಆಗೊಮ್ಮೆ ಈಗೊಮ್ಮೆ ಆ ಎರಡನೆಯದು ಸರಿಯಾಗಿ ಆ ಚೂರಿನಲ್ಲಿ ಬಂದು ಬೀಳುತ್ತಿತ್ತು.

ಶ್ರೀರಾಮನಿಗೆ ಫೋನು ಮಾಡಿದೆ.

"ಹಂಗಾದ್ರೆ ನಮ್ಮ ಲ್ಯಾಬಲ್ಲಿ ಯಾಕೆ ಬರಲಿಲ್ಲ ಅಕ್ಕಾ? ಸಾವಿರ ಸಲ ಒತ್ತಿದೀನಿ!"

"ನಮ್ಮ ಲ್ಯಾಬಲ್ಲಿ ಆ ತಂತಿ ಮೇಲೆ ಏನೇನಿದೆ ಹೇಳು."

"ಎಲ್ಲಾ ಇದೆ. ಹತ್ತು ಕಂಪ್ಯೂಟರು, ಕ್ಯಾಮೆರಾ, ಪ್ರಿಂಟರು..." ಅವನು ನಿಲ್ಲಿಸಿದ. "ಅಯ್ಯೋ. ಆ ಪ್ರಿಂಟರ್ ಒಂದೇ ಸಾಕು. ಸದಾ 'ನಾನಿದೀನಿ, ನಾನಿದೀನಿ' ಅಂತ ಅರಚ್ತಾನೇ ಇರುತ್ತೆ."

"ಒಂದು ಪ್ಯಾಕೆಟ್ ಸಿಕ್ಕಿಕೊಂಡ್ರೂ ಮರುಕ್ಷಣ ಇನ್ನೊಂದು ಬಂದು ಎಬ್ಬಿಸುತ್ತೆ. ಗೊತ್ತೇ ಆಗಲ್ಲ. ಇಲ್ಲಿ ಎಬ್ಬಿಸೋರು ಯಾರೂ ಇಲ್ಲ ಕಣೋ. ಒಂದು ಥರ್ಮಾಮೀಟರು, ಗಂಟೆಗೊಂದ್ಸಲ. ಆಮೇಲೆ ನಾನು ಬಂದು ತಂತಿಗೆ ಲ್ಯಾಪ್‌ಟಾಪ್ ಹಾಕ್ಕೊಂಡು ಕೂತೆ. ನಾನು ನೋಡ್ತಾ ಇದ್ದಿದ್ದೇ ಅದನ್ನ ಎಬ್ಬಿಸ್ತಾ ಇತ್ತು."

"ದೇವುಡಾ" ಎಂದ ಶ್ರೀರಾಮ. ಅವತ್ತೇ ಅವನು ಡಬ್ಬಿಯನ್ನು ಎಲ್ಲ ತಂತಿಗಳಿಂದ ಬಿಡಿಸಿ ಒಂಟಿಯಾಗಿಟ್ಟು ಒತ್ತಲು ಕೂತ. ಸಂಜೆಯೊಳಗೆ ಅವನ ಸಂದೇಶ ಬಂತು: ಬಂತು ಅಕ್ಕಾ, ಕೂಗ್ತಾ ಇಲ್ಲ ನನ್ಮಗಂದು.

ಲಿವ್ ಆಫೀಸಿಗೆ ಬಂದದ್ದು

ಸರಿಮಾಡಲು ನಾಲ್ಕೈದು ಸಾಲು ಸಾಕಿತ್ತು. ಗಂಟೆ ಚಾಲೂ ಮಾಡಿದ ಮೇಲೆ ಮಲಗುವ ಮುಂಚೆ ಇನ್ನೊಂದು ಸಲ ಗೂಡು ನೋಡು, ಏನಾದರೂ ಇದ್ದರೆ ಮಲಗಬೇಡ. ಅಷ್ಟೇ. ಆದರೆ ನಾನು ತಕ್ಷಣ ಸರಿಮಾಡಲಿಲ್ಲ. ಸರಿಮಾಡುವ ಮುಂಚೆ ಲಿವ್ ಅದನ್ನು ನೋಡಬೇಕಿತ್ತು.

"ನಾನು ಅಲ್ಲಿಗೆ ಬರಲ್ಲ" ಎಂದಳು.

"ನೀವು ನನ್ನ ಮುಖ ನೋಡಬೇಕು ಅಂತ ಕರೆಸಿದ್ರಿ. ನಾನು ಬಂದೆ. ಈಗ ನಾನು ಕರೀತಿದೀನಿ."

ಅಂಥ ಮಾತು ನಾನು ಆಡುವವಳಲ್ಲ. ಅವಳಿಗೂ ಅದು ಗೊತ್ತಾಗಿರಬೇಕು. ಊರುಗೋಲು ತೆಗೆದುಕೊಂಡಳು. ಇಬ್ಬರೂ ಆ ದಿಬ್ಬವನ್ನು ನಿಧಾನವಾಗಿ ಇಳಿದೆವು. ನಾನು ಅವಳ ಸೊಂಟ ಹಿಡಿದಿದ್ದೆ, ಅವಳು ಬೇಡ ಎನ್ನಲಿಲ್ಲ.

ಆರ್ನೆ ತನ್ನ ಕುರ್ಚಿಯಲ್ಲಿದ್ದ. ಅವಳನ್ನು ಕಂಡು ಎದ್ದು ನಿಂತ, ಮತ್ತೆ ಕೂತ. ಲಿವ್ ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತಳು. ಅವಳ ಗುಂಡಿ ಅವಳ ಕೊರಳಲ್ಲೇ ಇತ್ತು.

"ಒತ್ತಿ" ಎಂದೆ.

ಒತ್ತಿದಳು. ಹಸಿರು. ಡಬ್ಬಿ ಕೂಗಿತು. ಅವಳ ಮುಖ ಗಡುಸಾಯಿತು. ನೋಡು, ಕೂಗುತ್ತದಲ್ಲ ಎನ್ನುವ ಹಾಗೆ.

"ಮತ್ತೆ. ನಿಲ್ಲಿಸಬೇಡಿ."

ಒತ್ತಿದಳು, ಕೂಗಿತು. ಒತ್ತಿದಳು, ಕೂಗಿತು.  ಎಷ್ಟೋ ಸಲ ಆದ ಮೇಲೆ ಅವಳು ಒತ್ತಿದಳು, ಹಸಿರು ಬಂತು, ಡಬ್ಬಿ ಕೂಗಲಿಲ್ಲ.

ಯಾರೂ ಅಲ್ಲಾಡಲಿಲ್ಲ. ಲಿವ್ ತನ್ನ ಕೊರಳಿನ ಹಸಿರು ದೀಪವನ್ನು ನೋಡಿದಳು. ಆಮೇಲೆ ಆರ್ನೆಯನ್ನು ನೋಡಿದಳು. ಅವನು ಎರಡೂ ಕೈ ಮೊಣಕಾಲಿನ ಮೇಲಿಟ್ಟುಕೊಂಡು, ಗೋಡೆಯ ಮೇಲಿನ ಡಬ್ಬಿಯನ್ನೇ ನೋಡುತ್ತಿದ್ದ. ಹೊರಗೆ ಒಂದು ಕಡಲಹಕ್ಕಿ ಕೂಗಿತು. ಅವಳು ಕಾಯುತ್ತಿದ್ದಳು. ಅವತ್ತು ನೆಲದ ಮೇಲೆ ಹೇಗೆ ಕಾದಿದ್ದಳೋ ಹಾಗೇ ಕಾದಳು, ಆದರೆ ಈ ಸಲ ಬಾಗಿಲಿನ ಎರಡೂ ಕಡೆ ಅವಳಿಗೆ ಕಾಣುತ್ತಿತ್ತು. ಬರಬೇಕಾದವನು ಎದುರಿಗೇ ಇದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಸುಮಾರು ಹೊತ್ತಾದ ಮೇಲೆ ನಾನು ಲ್ಯಾಪ್‌ಟಾಪಿನ ತಂತಿಯನ್ನು ಸಿಕ್ಕಿಸಿದೆ. ಡಬ್ಬಿ ಕಿರುಚಿತು.

ಲಿವ್ ತಲೆ ತಗ್ಗಿಸಿದಳು. ಅವರ ಭಾಷೆಯಲ್ಲಿ ಏನೋ ಒಂದೇ ಪದ ಹೇಳಿದಳು.  ಆರ್ನೆ ಎದ್ದು ಸೈರನ್ ನಿಲ್ಲಿಸಿ, ಕಿಟಕಿಯ ಕಡೆ ಮುಖ ಮಾಡಿ ನಿಂತ. ಅವನ ಭುಜ ಅಲುಗುತ್ತಿತ್ತು. ಅವಳು ಎದ್ದು ಹೋಗಿ ಅವನ ಹತ್ತಿರ ನಿಲ್ಲುತ್ತಾಳೆ ಅಂದುಕೊಂಡೆ. ನಮ್ಮೂರಿನಲ್ಲಾದರೆ ಅಷ್ಟು ಹೊತ್ತಿಗೆ ಅರ್ಧ ಬೀದಿ ಒಳಗೆ ಬಂದು ಅವರಿಬ್ಬರನ್ನೂ ತಬ್ಬಿಸಿ ಚಹಾ ಕುಡಿಸಿರುತ್ತಿದ್ದರು. ಲಿವ್ ಊರುಗೋಲು ಎತ್ತಿಕೊಂಡು ನನಗೆ, "ಮನೆಗೆ ಹೋಗಣ" ಎಂದಳು.  ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಕೇಳಲು ಆ ದ್ವೀಪದಲ್ಲಿ ನನಗೆ ಯಾರೂ ಇರಲಿಲ್ಲ.

ಕೋಲ್ಡ್ ಸ್ಟೋರೇಜು

ಸರಿಮಾಡಿದ ಡ್ರೈವರನ್ನು ಡಬ್ಬಿಗೆ ಹಾಕಿದೆ. ಗುಂಡಿಯ ಬದಲು ಒಂದು ಚಿಕ್ಕ ಪ್ರೋಗ್ರಾಮು ಬಿಡುವಿಲ್ಲದೆ ಕೂಗು ಕಳಿಸುವಂತೆ ಮಾಡಿ ಬಿಟ್ಟೆ. ಅತ್ತ ಶ್ರೀರಾಮನೂ ಅದನ್ನೇ ಮಾಡಿದ. ಒಂದೂ ಸಿಕ್ಕಿಕೊಳ್ಳಲಿಲ್ಲ. ಸಾಹೇಬರು ಶಹಬ್ಬಾಸ್ ಎಂದರು. ನನ್ನ ವಿಮಾನ ಎರಡು ದಿನದಲ್ಲಿತ್ತು.

ಊಟದ ಹೊತ್ತಿಗೆ ಲಿವ್ ಕೇಳಿದಳು, "ಈಗ ಸರಿಯಾಗಿದೆ ಅಂತ ನಿನಗೆ ಖಾತ್ರೀನಾ?"

"ಖಾತ್ರಿ."

"ಹಾಗಾದ್ರೆ ನಾನು ಬಿದ್ದ ಕಡೆ ನೀನು ಮಲಗು. ನೀನು ಒತ್ತು."

ಅವಳು ಹಟಕ್ಕೆ ಹೇಳಲಿಲ್ಲ. ಕಾಲು ಕೂಡಿದ ಮೇಲೆ ಅವಳು ಮತ್ತೆ ಅದೇ ಬಾಗಿಲೊಳಗೆ ಒಬ್ಬಳೇ ಹೋಗಬೇಕಿತ್ತು. ನಾನು ಒಪ್ಪಿದೆ.

ಭಾನುವಾರ ಮಧ್ಯಾಹ್ನ ಕೇಂದ್ರದಲ್ಲಿ ಯಾರೂ ಇರಲಿಲ್ಲ. ಲಿವ್ ಆಫೀಸಿನಲ್ಲಿ ಕೂರುತ್ತೇನೆ ಎಂದಳು. ಆರ್ನೆಯೂ ಅಲ್ಲಿರುತ್ತಾನೆಯೇ ಎಂದು ನಾನು ಕೇಳಲಿಲ್ಲ. ಅವಳ ಉದ್ದ ಕೋಟು ಹಾಕಿಕೊಂಡು, ಅವಳ ಗುಂಡಿ ಕೊರಳಿಗೆ ಹಾಕಿಕೊಂಡು ಒಳಗೆ ಹೋದೆ. ಹಿಂದೆ ದಪ್ಪ ಬಾಗಿಲು ತಾನೇ ಮುಚ್ಚಿಕೊಂಡಿತು. ಮೇವಿನ ಚೀಲಗಳ ನಡುವೆ, ಅವಳು ಹೇಳಿದ್ದ ಮೂಲೆಯಲ್ಲಿ, ಸಿಮೆಂಟಿನ ಮೇಲೆ ಮಲಗಿದೆ.

ಚಳಿ ಮೊದಲು ಬೆನ್ನಿಗೆ ಬಂತು, ಆಮೇಲೆ ತಲೆಯ ಹಿಂಭಾಗಕ್ಕೆ. ಮೇಲೆ ಫ್ಯಾನಿನ ಸದ್ದು, ಬೇರೇನೂ ಇಲ್ಲ. ಮನೆಯಲ್ಲಿ ಅವರು ಆಗ ಇಫ್ತಾರಿಗೆ ಕೂತಿರುತ್ತಾರೆ, ನಾನು ಎಲ್ಲಿ ಮಲಗಿದ್ದೇನೆ ಎಂದು ಯಾರಿಗೂ ಗೊತ್ತಿಲ್ಲ ಅನ್ನಿಸಿತು. ಒತ್ತಿದೆ.

ಹಸಿರು ಬಂತು.

ಆ ಬಣ್ಣ ನನಗೆ ಏನನ್ನೂ ಹೇಳಲಿಲ್ಲ. ಒಳಗಿನದ್ದೆಲ್ಲ ಬಲ್ಲವಳು ನಾನು, ಆ ನಾಲ್ಕೈದು ಸಾಲು ಬರೆದವಳು ನಾನು, ಆದರೂ ಬಾಗಿಲಿನ ಕಡೆ ತಲೆ ತಿರುಗಿಸಿದೆ. ಬಾಗಿಲು ದಪ್ಪ. ಸೈರನ್ ಕೂಗಿದರೂ ಒಳಗೆ ಕೇಳಿಸದು. ಒಳಗಿದ್ದವರಿಗೆ ತಿಳಿಯುವುದು ಯಾರಾದರೂ ಬಂದಾಗ ಮಾತ್ರ. ಲಿವ್ ಇಲ್ಲಿ ಮಲಗಿ ಬೂಟು ಹಾಕಿಕೊಳ್ಳುತ್ತಿರಬೇಕು ಅಂದುಕೊಂಡಿದ್ದು ನೆನಪಾಯಿತು. ನಾನೂ ಅದನ್ನೇ ಅಂದುಕೊಂಡೆ.

ಬಾಗಿಲ ಹಿಡಿ ತಿರುಗಿತು. ಸ್ವಲ್ಪ ತೆರೆದು, ಊರುಗೋಲಿಗೆ ತಗುಲಿ ನಿಂತು, ಮತ್ತೆ ತೆರೆಯಿತು. ಹೊರಗಿನ ಬೆಳಕು ನನ್ನ ಕಾಲಿನ ತನಕ ಬಂತು. ಹೊಸ್ತಿಲ ಮೇಲೆ ಇಬ್ಬರೂ ಇದ್ದರು. ಆರ್ನೆಯ ಬೂಟಿನ ಲೇಸು ಕಟ್ಟಿರಲಿಲ್ಲ, ಕೈಯಲ್ಲಿ ಕಂಬಳಿಯಿತ್ತು. ಲಿವ್ ಏದುಸಿರು ಬಿಡುತ್ತಾ ಅವನಿಗೆ ಏನೋ ಹೇಳುತ್ತಿದ್ದಳು, ಬೈಗುಳದ ಹಾಗೆ. ಅವನು ಏನೋ ಅಂದ. ಅವಳು ತಿರುಗಿ ಅಂದಳು. ಆಮೇಲೆ ಅವನು ಬಾಗಿಲಿಗೆ ಒರಗಿದ, ಅವಳು ಊರುಗೋಲಿನ ಮೇಲೆ ಬಾಗಿದಳು, ಮಾತು ನಿಲ್ಲಲಿಲ್ಲ. ಬರುಬರುತ್ತಾ ದನಿ ತಗ್ಗಿತು.

ನನಗೆ ಒಂದು ಪದವೂ ತಿಳಿಯದು. ನೆಲದ ಮೇಲೆ ಒಬ್ಬಳು ಮಲಗಿದ್ದಾಳೆ ಎಂಬುದನ್ನು ಅವರಿಬ್ಬರೂ ಮರೆತಿದ್ದರು. ನಾನು ಕೂಗಲಿಲ್ಲ, ಏಳಲೂ ಇಲ್ಲ. ಲಿವ್‌ಳ ಕೋಟಿನ ಕಾಲರನ್ನು ಕಿವಿಯವರೆಗೆ ಎಳೆದುಕೊಂಡು, ಅವರು ಮಾತಾಡಿ ಮುಗಿಸಲಿ ಎಂದು ಕಾದೆ.